ಏಳು ಬಂದೂಕಿನ ಊರು

ಜೋಳದಕೊಪ್ಪ
೨೯ ಮೇ ೧೯೯೯

ತಮ್ಮ ಸಿದ್ಧಾರೂಢನಿಗೆ,

ಗಡಿಯ ಸುದ್ದಿ ದಿನಾ ರೇಡಿಯೋದಲ್ಲಿ ಬರುತ್ತಿದೆ. ನೀನು ಹೇಗಿದ್ದೀ ಎಂದು ಮೊದಲು ಹುಬ್ಬಳ್ಳಿಗೆ, ನಿನ್ನ ಹೆಂಡತಿ ಲಕ್ಷ್ಮಿಗೆ ಬರೆ. ನನಗೆ ಆಮೇಲೆ ಬರೆದರೂ ನಡೆದೀತು. ನಿನಗೆ ಗುಂಡು ತಾಗದಿರಲಿ ಎಂದು ದೇವರ ಮುಂದೆ ದೀಪ ಹಚ್ಚುತ್ತಿದ್ದ ನಾನು, ಇಲ್ಲಿ ನಮ್ಮ ಓಣಿಯಲ್ಲೇ ಗುಂಡು ತಾಗಿ ಒಬ್ಬ ಮನುಷ್ಯ ಸತ್ತದ್ದನ್ನು ಕಣ್ಣಾರೆ ನೋಡಿದೆ. ಸತ್ತವನು ಬಡೇಸಾಬ.

ಎದುರು ಮನೆಯ ಬಡೇಸಾಬ, ಹಾಜರಾಬಿಯ ಗಂಡ. ಪಂಪು ಕೆಟ್ಟರೂ ಹಿಟ್ಟಿನ ಗಿರಣಿ ನಿಂತರೂ ಊರೆಲ್ಲ ಅವನ ಬಾಗಿಲಿಗೇ ಓಡುತ್ತಿತ್ತು. ಇಪ್ಪತ್ತನೇ ತಾರೀಖು ಯಮನಪ್ಪಗೌಡರ ಮಗನ ಮದುವೆ ಮೆರವಣಿಗೆ. ಮದುಮಗನನ್ನು ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಕೂಡಿಸಿ, ಅದರ ಮೇಲೆ ಮಂಟಪ ಕಟ್ಟಿದ್ದರು. ನಮ್ಮ ಓಣಿಯ ಕರೆಂಟಿನ ತಂತಿ ಜೋತು ಬಿದ್ದಿರುವುದು ನಿನಗೂ ಗೊತ್ತು. ಮಂಟಪದ ಕಳಸ ತಂತಿಗೆ ತಾಗುತ್ತದೆಂದು ಟ್ರ್ಯಾಕ್ಟರ್ ನಿಂತಿತು. ಗೌಡರೇ ಕೂಗಿ ಹೇಳಿದರು, "ಬಡೇಸಾಬ, ಸ್ವಲ್ಪ ತಂತಿ ಎತ್ತಿ ಹಿಡಿಯೋ ಮಾರಾಯಾ."

ಅವನು ಊಟಕ್ಕೆ ಕೂತಿದ್ದ. ಕೈ ತೊಳೆದುಕೊಂಡು ಒಣಗಿದ ಬಿದಿರಿನ ಕವಲುಕೋಲು ತೆಗೆದುಕೊಂಡು ತನ್ನ ಮಾಳಿಗೆ ಹತ್ತಿದ. ತಂತಿ ಎತ್ತಿ ಹಿಡಿದು, "ಬರ್ರಿ, ಬರ್ರಿ, ಸಾವಕಾಶ" ಎಂದು ನಗುತ್ತ ನಿಂತಿದ್ದ. ನಾನು ನನ್ನ ಮಾಳಿಗೆಯ ಮೇಲೆ ಇದ್ದೆ. ಟ್ರಾಲಿ ದಾಟಿದ ಖುಷಿಗೆ ಬ್ಯಾಂಡಿನವರು ಜೋರು ಮಾಡಿದರು. ಗೌಡರ ತಮ್ಮ ಶಶಿಕಾಂತ ಅಣ್ಣನ ಬಂದೂಕು ಹಿಡಿದುಕೊಂಡು ಕುಣಿಯುತ್ತಿದ್ದ. ಮೇಲೆ ಯಾರಿದ್ದಾರೆ ಎಂದು ನೋಡಲಿಲ್ಲ. ಮೇಲೆತ್ತಿ ಹಾರಿಸಿದ.

ಬಡೇಸಾಬ ಕೋಲು ಬಿಡಲಿಲ್ಲ, ತಮ್ಮಾ. ಕೋಲಿನ ಸಮೇತ ಕೆಳಗೆ ಬಿದ್ದ.

ಹಾಜರಾಬಿ ಹೊರಗೆ ಓಡಿ ಬರುವಷ್ಟರಲ್ಲಿ ಗೌಡರು ಅವನ ಸುತ್ತ ಜನ ನಿಲ್ಲಿಸಿಬಿಟ್ಟಿದ್ದರು. "ಕರೆಂಟ್ ಹೊಡದೈತಿ, ಕರೆಂಟ್! ಯಾರೂ ಮುಟ್ಟಬ್ಯಾಡ್ರಿ!" ನಾನು ಮೇಲಿನಿಂದಲೇ ಕಿರುಚಿದೆ, "ಕರೆಂಟ್ ಅಲ್ರೀ, ಗುಂಡು ಹೊಡದೈತ್ರಿ!" ಅಷ್ಟು ಜನ ತಲೆ ಎತ್ತಿ ನನ್ನನ್ನು ನೋಡಿದರು. ಒಬ್ಬರೂ ಹೌದೆನ್ನಲಿಲ್ಲ. ಅಂಗಿಯ ತುಂಬ ರಕ್ತ. ಕರೆಂಟು ಹೊಡೆದರೆ ಎದೆಯಲ್ಲಿ ತೂತುಗಳು ಬೀಳುತ್ತವೆಯೇ? ಪೊಲೀಸರಿಗೆ ಹೇಳದೆ, ದವಾಖಾನೆಗೆ ಒಯ್ಯದೆ, ಹೊತ್ತು ಮುಳುಗುವ ಮೊದಲು ಮಣ್ಣು ಮಾಡಿಸಿದರು. ಮೈ ತೊಳೆದವನು ಬಡೇಸಾಬನ ಅಣ್ಣ ಅಹಮದಸಾಬ. ಅವನು ನೋಡಿಯೇ ಇರಬೇಕು. ಆದರೆ ಅವನು ಉಳುವುದು ಗೌಡರ ಹೊಲ, ಬಾಯಿ ಬಿಡಲಿಲ್ಲ. ಮೆರವಣಿಗೆ ಅರ್ಧ ತಾಸು ನಿಂತು ಮತ್ತೆ ಮುಂದೆ ಹೋಯಿತು. ಮದುವೆಯ ಊಟವೂ ಆಯಿತು.

ಮರುದಿನ ನಾನೊಬ್ಬಳೇ ಠಾಣೆಗೆ ಹೋದೆ. ಫೌಜದಾರರು ನನ್ನ ಮಾತು ಕೇಳಿ ಪೆನ್ನು ಕೆಳಗಿಟ್ಟರು. "ಅಕ್ಕಾರ, ನೀವು ಅಂಗನವಾಡಿ ನಡಸ್ತೀರಿ, ಮಕ್ಕಳಿಗೆ ಅ ಆ ಕಲಸ್ರಿ. ಅಲ್ಲಿ ಗಡಿ ಹತ್ತಿ ಉರ್ಯಾಕತ್ತೈತಿ, ನೀವು ಮದವಿ ಮನಿ ಕಥಿ ತಂದೀರಿ." ಕರೆಂಟಿನ ಅಪಘಾತ ಎಂದು ಪಂಚಾಯಿತಿಯವರು ಬರೆದುಕೊಟ್ಟಿದ್ದಾರಂತೆ, ಮುಗಿಯಿತಂತೆ.

ನನಗೆ ಮುಗಿದಿಲ್ಲ. ನೀನು ಸರಕಾರದ ಮನುಷ್ಯ. ನಾನು ಯಾರ ಬಾಗಿಲಿಗೆ ಹೋಗಬೇಕು, ಹೇಳು.

ನಿನ್ನ ಅಕ್ಕ
ರೇಣವ್ವ


೫೬ ಎ.ಪಿ.ಓ.
೩ ಜುಲೈ ೧೯೯೯

ಅಕ್ಕಾ,

ನಿನ್ನ ಕಾಗದ ತಡವಾಗಿ ಮುಟ್ಟಿತು. ಎಲ್ಲಿದ್ದೇನೆ ಎಂದು ಬರೆಯುವಂತಿಲ್ಲ, ಮೇಲಿರುವುದು ಸೇನೆಯ ಅಂಚೆಯ ನಂಬರಷ್ಟೇ. ಬದುಕಿದ್ದೇನೆ. ಬರೆಯಲು ಬೆಳಕೂ ಬಿಡುವೂ ಸಿಕ್ಕಾಗ ಬರೆಯುತ್ತಿದ್ದೇನೆ.

ಬಡೇಸಾಬನ ಸುದ್ದಿ ಓದಿ ಮನಸ್ಸು ಕೆಟ್ಟಿತು. ನಾವು ಶಾಲೆಗೆ ಹೋಗುವಾಗ ಅವನು ನನ್ನ ಸೈಕಲ್ಲಿನ ಚೈನು ಹಾಕಿಕೊಟ್ಟವನು. ಆದರೆ ನಿನಗೊಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ನೀನು ಆ ಊರಿನಲ್ಲೇ ಇರಬೇಕಾದವಳು. ನಿನ್ನ ಗಂಡ ಹೊಳೆಯಪ್ಪ ಮಾಮಾನ ಹೊಲಕ್ಕೆ ಹೋಗುವ ದಾರಿ ಗೌಡರ ಹೊಲದೊಳಗಿಂದ ಹೋಗುತ್ತದೆ. ನಿನ್ನ ಅಂಗನವಾಡಿ ನಡೆಯುವುದು ಗೌಡರು ಕೊಟ್ಟ ಕಟ್ಟಡದಲ್ಲಿ. ನೋಡಿದವರು ನೂರು ಜನ, ಬಾಯಿ ಬಿಟ್ಟವಳು ನೀನೊಬ್ಬಳು. ಹಾಜರಾಬಿಯೇ ಸುಮ್ಮನಿದ್ದರೆ ನೀನು ಏನು ಮಾಡಬಲ್ಲೆ?

ಇನ್ನೊಂದು ಮಾತು. ಡಿಸೆಂಬರಿಗೆ ನನ್ನ ನೌಕರಿ ಮುಗಿಯುತ್ತದೆ. ಬ್ಯಾಂಕಿನ ಕಾವಲಿಗೆ ಸ್ವಂತ ಬಂದೂಕು, ಲೈಸೆನ್ಸ್ ಇದ್ದ ಮಾಜಿ ಸೈನಿಕರನ್ನು ಮೊದಲು ತೆಗೆದುಕೊಳ್ಳುತ್ತಾರೆ. ಹೋದ ರಜೆಯಲ್ಲಿ ಗೌಡರ ಮುಖಾಂತರ ಅರ್ಜಿ ಹಾಕಿದ್ದು ನಿನಗೆ ಗೊತ್ತೇ ಇದೆ. ಅವರ ಒಂದು ಮಾತಿನ ಮೇಲೆ ನನ್ನ ಮುಂದಿನ ಬದುಕು ನಿಂತಿದೆ. ಇಬ್ಬರು ಹೆಣ್ಣುಮಕ್ಕಳು ಓದುತ್ತಿದ್ದಾರೆ.

ನೀನು ಏನು ಮಾಡಿದರೂ ಬಡೇಸಾಬ ತಿರುಗಿ ಬರುವುದಿಲ್ಲ. ವಿಚಾರ ಮಾಡು.

ನಿನ್ನ ತಮ್ಮ
ಸಿದ್ಧಾರೂಢ


ಜೋಳದಕೊಪ್ಪ
೨ ಆಗಸ್ಟ್ ೧೯೯೯

ಸಿದ್ಧಾರೂಢಾ,

ನಿನ್ನ ಕಾಗದ ಓದಿ ಮಡಚಿ ಇಟ್ಟಿದ್ದೆ. ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ಬಡೇಸಾಬ ತಿರುಗಿ ಬರುವುದಿಲ್ಲ ಎಂದು ನನಗೆ ಹೇಳುವುದಕ್ಕೆ ಹಿಮದಲ್ಲಿ ಕೂತು ಕಾಗದ ಬರೆಯಬೇಕಾಗಿತ್ತೇ? ಅದನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ಕಟ್ಟೆಯ ಮೇಲೆ ಕೂತವರು ಹೇಳುತ್ತಾರೆ, ನೀರಿಗೆ ಬಂದವರು ಹೇಳುತ್ತಾರೆ, ನನ್ನ ಗಂಡನೂ ಹೇಳುತ್ತಾನೆ. ಕೊಂದವರಿಗೆ ಇದಕ್ಕಿಂತ ಅನುಕೂಲದ ಮಾತು ಇನ್ನೊಂದಿಲ್ಲ.

ಈಗ ಯಾಕೆ ಬರೆಯುತ್ತಿದ್ದೇನೆಂದರೆ, ಮೊನ್ನೆ ನಿಮ್ಮ ವಿಜಯದ ಸುದ್ದಿ ಬಂತು. ಊರಲ್ಲಿ ಪೇಢಾ ಹಂಚಿದರು, ಶಾಲೆಯ ಮಕ್ಕಳು ಬಾವುಟ ಹಿಡಿದು ತಿರುಗಿದರು. ನಾನೂ ಅತ್ತೆ, ನೀನು ಬದುಕಿದೆ ಎಂಬ ಸಂತೋಷಕ್ಕೆ. ಆಮೇಲೆ ಶಶಿಕಾಂತ ಚಾವಡಿಯ ಕಟ್ಟೆ ಹತ್ತಿದ. ಅದೇ ಬಂದೂಕು. "ನಮ್ಮೂರ ಹುಲಿ ಸಿದ್ಧಾರೂಢಗ ಜೈ!" ಎಂದು ಕೂಗಿ ಹಾರಿಸಿದ. ನಿನ್ನ ಹೆಸರು ಹೇಳಿ ಹಾರಿಸಿದ! ಒಬ್ಬನನ್ನು ಕೊಂದು ಎರಡು ತಿಂಗಳು ಆಗಿದೆ. ಯಾರೂ ಅವನ ಕೈ ಹಿಡಿಯಲಿಲ್ಲ. ಚಪ್ಪಾಳೆ ಹೊಡೆದರು.

ಆಗ ನಾನು ಹಾಜರಾಬಿಯ ಹತ್ತಿರ ಕೂತಿದ್ದೆ. ಗಂಡ ಸತ್ತ ಮೇಲೆ ನಾಲ್ಕು ತಿಂಗಳ ಮೇಲೆ ಹತ್ತು ದಿನ ಅವರಲ್ಲಿ ಹೆಂಗಸು ಮನೆಯ ಹೊಸ್ತಿಲು ದಾಟುವುದಿಲ್ಲ, ಇದ್ದತ್ತು ಎನ್ನುತ್ತಾರೆ. ನೀನು ಬರೆದೆಯಲ್ಲ, ಹಾಜರಾಬಿಯೇ ಸುಮ್ಮನಿದ್ದಾಳೆ ಎಂದು? ಅವಳು ಸುಮ್ಮನಿರಲಿಲ್ಲ, ಒಳಗಿದ್ದಳು. ಬಂದೂಕಿನ ಸಪ್ಪಳ ಕೇಳಿ ಅವಳ ಕೈಯೊಳಗಿನ ಮೊರ ಕೆಳಗೆ ಬಿತ್ತು.

"ರೇಣಕ್ಕಾ, ಅದ ಬಂದೂಕ ಅಲ್ಲ?"

"ಹೌದವ್ವಾ, ಅದ."

"ಇನ್ನೂ ಅವರ ಕಡೇನ ಐತಿ?"

ನಾನು ಬಗ್ಗಿ ಮೊರ ಎತ್ತಿ ಅವಳ ಕೈಗೆ ಕೊಟ್ಟೆ.

ಅವತ್ತೇ ಅಹಮದಸಾಬನನ್ನೂ ಜಮಾತಿನ ಹಿರಿಯರನ್ನೂ ಕರೆಸಿದಳು. ಪರದೆಯ ಹಿಂದೆ ಕೂತು ಮಾತಾಡಿದಳು. ಗೋರಿ ತೆಗೆಸಿ ಡಾಕ್ಟರಿಗೆ ತೋರಿಸಬೇಕು ಎಂದಳು. ಹಿರಿಯರು ಬೆಚ್ಚಿಬಿದ್ದರು. "ಮಣ್ಣಿಗೆ ಹೋದವರನ್ನ ಎಬ್ಬಸಬಾರದವ್ವಾ" ಎಂದು ಅಹಮದಸಾಬ ತಲೆ ತಗ್ಗಿಸಿ ಹೇಳಿದ. ಪರದೆಯ ಆಚೆಯಿಂದ ಅವಳ ಧ್ವನಿ ಬಂತು: "ಸುಳ್ಳು ಹೇಳಿ ಮಣ್ಣಿಗೆ ಕೊಟ್ಟೀರಿ ಭಾಯಿ. ಖರೇ ಹೇಳಿ ಮತ್ತ ಕೊಡ್ರಿ."

ನಾನು ಅರ್ಜಿ ಬರೆದೆ, ಅವಳು ಸಹಿ ಮಾಡಿದಳು. ನಾಳೆ ಧಾರವಾಡಕ್ಕೆ, ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗುತ್ತೇನೆ. ಅಂಗನವಾಡಿಯ ಕಟ್ಟಡ ಬಿಟ್ಟುಕೊಡಲು ಗೌಡರು ಹೇಳಿಕಳಿಸಿದ್ದಾರೆ. ಬೇವಿನ ಗಿಡದ ಕೆಳಗೆ ಮಕ್ಕಳನ್ನು ಕೂಡಿಸುತ್ತಿದ್ದೇನೆ.

ಚುನಾವಣೆ ಬಂದಿದೆ. ಲೈಸೆನ್ಸಿನ ಬಂದೂಕು ಇದ್ದವರು ಠಾಣೆಗೆ ತಂದು ಇಡಬೇಕೆಂದು ಡಂಗುರ ಸಾರಿದ್ದಾರೆ. ನಮ್ಮೂರಲ್ಲಿ ಏಳು ಇವೆಯಂತೆ. ಏಳನೆಯದು ಎಲ್ಲಿದೆ ಎಂದು ನಿನಗೆ ಗೊತ್ತು. ನಮ್ಮ ಮನೆಯ ಗೋಡೆಯ ಮೇಲೆ, ಮಾವನವರ ಫೋಟೋದ ಕೆಳಗೆ.

ರೇಣವ್ವ


೫೬ ಎ.ಪಿ.ಓ.
೨೭ ಆಗಸ್ಟ್ ೧೯೯೯

ಅಕ್ಕಾ,

ನನ್ನ ಹೆಸರು ಹೇಳಿ ಹಾರಿಸಿದರೇ?

ಇಲ್ಲಿ ಯುದ್ಧ ಮುಗಿಯಿತೆಂದು ತಿಳಿದ ದಿನ ನಮ್ಮಲ್ಲಿ ಯಾರೂ ಗಾಳಿಗೆ ಒಂದು ಗುಂಡು ಹಾರಿಸಲಿಲ್ಲ. ಅಡುಗೆಯವನು ಇಡೀ ಕಂಪನಿಗೆಂದು ಶಿರಾ ಮಾಡಿದ. ಸುಮಾರು ಉಳಿಯಿತು. ಉಳಿದದ್ದನ್ನು ನೋಡಿ ಅವನು ಪಾತ್ರೆಯ ಮುಂದೆ ಕೂತುಬಿಟ್ಟ. ಉಣ್ಣಬೇಕಾದವರು ಇರಲಿಲ್ಲ.

ಅಭ್ಯಾಸಕ್ಕೆ ಹಾರಿಸಿದ ಗುಂಡಿಗೂ ನಾವು ಲೆಕ್ಕ ಕೊಡಬೇಕು. ಖಾಲಿ ಕೊಳವೆಯನ್ನು ಹುಡುಕಿ ತಂದು ಒಪ್ಪಿಸಬೇಕು. ಒಂದು ಕಳೆದರೆ ಇಡೀ ಪ್ಲಟೂನು ಬಗ್ಗಿ ಹುಲ್ಲಿನಲ್ಲಿ ಹುಡುಕುತ್ತದೆ. ಅಲ್ಲಿ ಶಶಿಕಾಂತನನ್ನು ಯಾರೂ ಏನೂ ಕೇಳುವುದಿಲ್ಲ.

ನಿನಗೆ ಗೊತ್ತಿರಲಿ: ಲೈಸೆನ್ಸು ಇರುವುದು ಯಮನಪ್ಪಗೌಡರ ಹೆಸರಿಗೆ, ಬೆಳೆ ಕಾಯಲಿಕ್ಕೆ. ಅದನ್ನು ಇನ್ನೊಬ್ಬರ ಕೈಗೆ ಕೊಡುವುದೂ ಮದುವೆಯಲ್ಲಿ ಹಾರಿಸುವುದೂ ಎರಡೂ ತಪ್ಪು. ಲೈಸೆನ್ಸು ಕೊಡುವವರೂ ಕಸಿಯುವವರೂ ಜಿಲ್ಲಾಧಿಕಾರಿ. ಈಗ ಬಂದೂಕುಗಳು ಠಾಣೆಯಲ್ಲಿವೆ. ಒಮ್ಮೆ ಮನೆಗೆ ಹೋದರೆ ಮತ್ತೆ ಹೊರಗೆ ಬರುವುದಿಲ್ಲ. ತಿರುಗಿ ಕೊಡಬೇಡಿ ಎಂದು ಈಗಲೇ ಬರೆದುಕೊಡು. ಊರಿನ ಹೆಂಗಸರ ಸಹಿ ಹಾಕಿಸು.

ನನ್ನ ಲೈಸೆನ್ಸಿನ ವಿಷಯ ಬೇರೆ. ಅದು ಹೊಟ್ಟೆಯ ವಿಷಯ. ಅದನ್ನು ಇದಕ್ಕೆ ಜೋಡಿಸಬೇಡ.

ಸಿದ್ಧಾರೂಢ


ಜೋಳದಕೊಪ್ಪ
೨೫ ಸೆಪ್ಟೆಂಬರ್ ೧೯೯೯

ತಮ್ಮಾ,

ಧಾರವಾಡಕ್ಕೆ ಎಷ್ಟು ಸಲ ಹೋದೆನೋ ನನಗೇ ನೆನಪಿಲ್ಲ. ಹೋದಾಗಲೆಲ್ಲ ಡಿಸಿ ಸಾಹೇಬರು ಚುನಾವಣೆಯ ಮೀಟಿಂಗಿನಲ್ಲಿ. ಒಬ್ಬ ಗುಮಾಸ್ತ ನನ್ನ ಅರ್ಜಿ ಓದಿ ನಕ್ಕ. "ಬಂದೂಕ ತಿರುಗಿ ಕೊಡಬ್ಯಾಡ್ರಿ ಅಂತ ಅರ್ಜಿ ನಾ ಇದ ಮೊದಲ ನೋಡಾಕತ್ತೇನ್ರಿ. ಎಲ್ಲಾರೂ ಕೊಡ್ರಿ ಅಂತ ಬರ್ತಾರ." ನನಗೆ ನಗು ಬರಲಿಲ್ಲ. "ಎಲ್ಲಾರಿಗೂ ಕೊಟ್ಟೀರಿ, ಅದಕ್ಕ ನಾ ಬಂದೇನ್ರಿ" ಎಂದೆ. ಕೊನೆಗೆ ಒಂದು ದಿನ ಸಾಹೇಬರು ಕಾರು ಹತ್ತುವಾಗ ಬಾಗಿಲು ಹಿಡಿದು ನಿಂತೆ. ಪೇದೆ ನನ್ನ ರಟ್ಟೆ ಹಿಡಿದ. ಸಾಹೇಬರು ಅವನಿಗೆ ಬಿಡಲು ಹೇಳಿ ಎರಡೂ ಅರ್ಜಿ, ಗೋರಿ ತೆಗೆಸುವುದನ್ನೂ ಬಂದೂಕಿನದನ್ನೂ, ಅಲ್ಲೇ ಓದಿದರು.

ಹತ್ತು ದಿನದ ಹಿಂದೆ ಗೋರಿ ತೆಗೆದರು. ಎ.ಸಿ. ಸಾಹೇಬರು, ಹುಬ್ಬಳ್ಳಿಯಿಂದ ಬಂದ ಡಾಕ್ಟರು, ಪಂಚರು. ಕಬರಸ್ತಾನದ ಗೋಡೆಯ ಹೊರಗೆ ನಾನು. ಸುತ್ತ ಬಟ್ಟೆ ಕಟ್ಟಿದ್ದರು. ಊದಿನಕಡ್ಡಿಯ ಹೊಗೆ ಆ ವಾಸನೆಯನ್ನು ಮುಚ್ಚಲಿಲ್ಲ. ಡಾಕ್ಟರು ಒಂದು ಬಟ್ಟಲಿನಲ್ಲಿ ಏನನ್ನೋ ಹಾಕುವ ಸಪ್ಪಳ ಕೇಳಿತು. ಟಣ್ ಟಣ್ ಎಂದು, ಬಿಟ್ಟು ಬಿಟ್ಟು. ಬಂದೂಕಿನ ತೋಟಾದೊಳಗಿನ ಸೀಸದ ಕಾಳು. ಅದನ್ನು ಕೇಳಿದ್ದೇ ಅಹಮದಸಾಬ ನೆಲಕ್ಕೆ ಕುಸಿದು, "ನಾ ನೋಡೇನ್ರಿ ಸಾಹೇಬರ, ತೊಳಿಯೂವಾಗ ನಾ ನೋಡೇನ್ರಿ" ಎಂದು ಅಳಲು ಸುರುಮಾಡಿದ. ಅವನ ಹೇಳಿಕೆ ಬರೆದುಕೊಂಡರು.

ಹಾಜರಾಬಿ ಬಾಗಿಲ ಒಳಗೆ ನಿಂತು ನನ್ನ ದಾರಿ ಕಾಯುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ, "ಮತ್ತ ಮಣ್ಣು ಛಲೋತ್ನಂಗ ಹಾಕಿದ್ರ?" ಎಂದು ಕೇಳಿದಳು. ಕೇಳಿದ್ದು ಅದೊಂದನ್ನೇ.

ಶಶಿಕಾಂತನನ್ನು ಹಿಡಿದರು. ಎಂಟು ದಿನಕ್ಕೆ ಜಾಮೀನಿನ ಮೇಲೆ ಬಿಟ್ಟರು. ಹಾರ ಹಾಕಿ ಕರೆತಂದರು.

ನಿನ್ನೆ ಯಮನಪ್ಪಗೌಡರೇ ನಮ್ಮ ಮನೆಗೆ ಬಂದಿದ್ದರು. ನಾನು ನೀರು ಕೊಟ್ಟೆ, ಕುಡಿದರು. "ರೇಣವ್ವಾ, ನೀ ನಮ್ಮ ಮನಿ ಮಗಳಿದ್ದಂಗ. ಸಪ್ಪಳ ಕೇಳೀನಿ, ಯಾರು ಹಾರಿಸಿದ್ರು ನೋಡಿಲ್ಲ ಅನ್ನು. ಸುಳ್ಳ ಹೇಳು ಅನ್ನೂದಿಲ್ಲ, ಒಂದೀಟು ಕಡಿಮಿ ಹೇಳು. ನಿನ್ನ ತಮ್ಮನ ಲೈಸೆನ್ಸ ನನ್ನ ಮಾತಿನ ಮ್ಯಾಲ ನಿಂತೈತಿ. ಯುದ್ಧ ಮಾಡಿ ಬಂದ ಮನಷಾ ಮನ್ಯಾಗ ಕುಂಡ್ರಬೇಕೇನು?" ಎಂದರು.

ಎಷ್ಟು ಮೆತ್ತಗೆ ಹೇಳಿದರು ಅಂತೀ! ನನ್ನ ಗಂಡ ಪಕ್ಕದಲ್ಲೇ ಕೂತು ನೆಲ ನೋಡುತ್ತಿದ್ದ. ನಾನು ಒಂದೇ ಮಾತು ಹೇಳಿದೆ: "ಗೌಡ್ರ, ನಾ ನೋಡೇನಿ. ನೀವು ನನ್ನ ನೋಡಿದ್ದನ್ನೂ ನೋಡೇನಿ."

ಈಗ ನಿನಗೆ ಹೇಳುವುದು. ನಿನ್ನ ವಿಷಯ ಬೇರೆ ಎಂದೆಯಲ್ಲ, ಜೋಡಿಸಬೇಡ ಎಂದೆಯಲ್ಲ, ನಾನು ಜೋಡಿಸಲಿಲ್ಲ. ಅವರೇ ಜೋಡಿಸಿ ನನ್ನ ಪಡಸಾಲೆಗೆ ತಂದಿಟ್ಟರು. ಒಬ್ಬ ಮನುಷ್ಯನ ಸಾವನ್ನು ಮುಚ್ಚಿದ್ದಕ್ಕೆ ಸಿಕ್ಕ ಬಂದೂಕನ್ನು ಹೆಗಲಿಗೆ ಹಾಕಿಕೊಂಡು ನೀನು ಬರುವುದಾದರೆ ನನ್ನ ಮನೆಯ ಕಡೆಗೆ ಬರಬೇಡ. ಹುಬ್ಬಳ್ಳಿಯಲ್ಲೇ ಇದ್ದುಬಿಡು.

ರೇಣವ್ವ


ಜೋಳದಕೊಪ್ಪ
೨೨ ಅಕ್ಟೋಬರ್ ೧೯೯೯

ಸಿದ್ಧಾರೂಢಾ,

ನಿನ್ನಿಂದ ಉತ್ತರವಿಲ್ಲ. ಇರಲಿ. ನಡೆದದ್ದನ್ನು ನಾನೇ ತಿಳಿಸುತ್ತೇನೆ. ಬೇರೆಯವರ ಬಾಯಿಂದ ಕೇಳಿದರೆ ಹೆಂಗಸರು ಠಾಣೆಗೆ ಕಲ್ಲು ಹೊಡೆದರು ಎಂದು ಕೇಳೀಯೆ.

ಮತ ಎಣಿಸಿ ಮುಗಿಯಿತು. ಬಂದೂಕು ಒಯ್ಯಿರಿ ಎಂದು ಠಾಣೆಯಿಂದ ಹೇಳಿಕಳಿಸಿದರು. ಗೌಡರ ಬಂದೂಕು ಕೇಸಿನಲ್ಲಿ ಜಪ್ತಿಯಾಗಿದೆ, ಅವರ ಲೈಸೆನ್ಸೂ ರದ್ದಾಗಿದೆ. ಉಳಿದ ಆರರ ಬಗ್ಗೆ ಸಾಹೇಬರು ವಿಚಾರಣೆ ಮಾಡುತ್ತೇವೆ ಎಂದಿದ್ದಾರೆ, ತಡೆಯುವ ಆದೇಶ ಮಾತ್ರ ಬಂದಿಲ್ಲ. ನಾವು ಮೂವತ್ತು ಹೆಂಗಸರು ಬೆಳಿಗ್ಗೆಯೇ ಹೋಗಿ ಠಾಣೆಯ ಮೆಟ್ಟಿಲ ಮೇಲೆ ಕೂತೆವು. ಹಾಜರಾಬಿಗೆ ಇದ್ದತ್ತು ಮುಗಿದಿತ್ತು. ಗಂಡ ಸತ್ತ ಮೇಲೆ ಅವಳು ಊರು ಬಿಟ್ಟು ಹೊರಗೆ ಕಾಲಿಟ್ಟ ಮೊದಲ ದಿನ ಅದು. ಬುರ್ಖಾ ಹಾಕಿಕೊಂಡು ನನ್ನ ಪಕ್ಕದಲ್ಲಿ ಕೂತಳು.

ಫೌಜದಾರರು ಸಿಟ್ಟಾದರು. "ಕಾನೂನು ಐತಿ ಅಕ್ಕಾರ, ಅವರ ಸಾಮಾನು ಅವರಿಗೆ ಕೊಡಬೇಕು."

"ನನ್ನ ಗಂಡನ್ನೂ ನನಗ ಕೊಡ್ರಿ ಹಂಗಾರ" ಎಂದಳು ಹಾಜರಾಬಿ. ಆಮೇಲೆ ಅವರು ಒಳಗೆ ಹೋಗಿ ಕೂತರು.

ಬಂದೂಕಿನವರು ಬಂದರು. ಮೊದಲು ಬಂದವನು ನನ್ನ ಗಂಡ ಹೊಳೆಯಪ್ಪ. ಎಲ್ಲರೂ ನನ್ನ ಮುಖ ನೋಡಿದರು. ನಾನು ಮೆಟ್ಟಿಲ ಮೇಲಿಂದ ಏಳಲಿಲ್ಲ.

"ಬಾಜೂಕ ಸರಿ, ರೇಣವ್ವಾ."

"ಸರಿಯಂಗಿಲ್ಲ."

"ನಾ ಯಾರನ್ನ ಹೊಡದೇನಿ? ಅಪ್ಪನ ಕಾಲದಿಂದ ಐತಿ, ಹಂದಿಗಿ ಬಿಟ್ರ ಯಾರಿಗೂ ಎತ್ತಿಲ್ಲ. ಹಂದಿ ಬಂದು ಶೇಂಗಾ ತಿಂದ್ರ ನಿಮ್ಮ ಡಿಸಿ ಸಾಹೇಬ್ರು ಬಂದು ಕಾಯ್ತಾರೇನು?"

ಅವನ ಮಾತು ಸುಳ್ಳಲ್ಲ, ತಮ್ಮಾ. ನಾನು ಹೇಳಿದೆ, "ಸಾಹೇಬ್ರು ಬರಂಗಿಲ್ಲ. ನಾ ಬರ್ತೇನಿ. ಡಬ್ಬಿ ಬಾರಿಸಿ ಕಾಯ್ತೇನಿ. ಆದ್ರ ನಮ್ಮ ಮನಿ ಬಂದೂಕ ತಗೊಂಡು ಹೋಗಿ, ಮಂದೀದು ಬಿಡ್ರಿ ಅಂತ ಯಾವ ಬಾಯಲೇ ಕೇಳಲಿ?"

ಅವನು ನಿಂತ. ಅವನ ಹಿಂದೆ ಐದು ಜನ ನಿಂತಿದ್ದರು. ಇಷ್ಟು ಮಂದಿಯ ಮುಂದೆ ಹೆಂಡತಿಯ ಕೈಯಲ್ಲಿ ಸೋತ ಎನಿಸಿಕೊಳ್ಳುವುದು ಗಂಡಸಿಗೆ ಎಂಥದ್ದು ಎಂದು ನನಗೆ ತಿಳಿಯದೆ ಇಲ್ಲ. ಕೈಯಲ್ಲಿದ್ದ ಠಾಣೆಯ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು, ನನ್ನ ಕಡೆ ನೋಡದೆ ಹೊರಟುಹೋದ. ಅವನ ಹಿಂದೆ ಇನ್ನೊಬ್ಬ ರೈತನೂ ಹೋದ. ಉಳಿದ ನಾಲ್ವರು ಸಂಜೆಯ ತನಕ ಕಾದು, ಹಿಂದಿನ ಬಾಗಿಲಿನಿಂದ ಒಯ್ದರು. ಫೌಜದಾರರೇ ಕೊಟ್ಟು ಕಳಿಸಿದರು. ನಾವು ಮುಂದಿನ ಬಾಗಿಲಲ್ಲಿ ಕೂತಿದ್ದೆವು!

ಏಳರಲ್ಲಿ ನಾಲ್ಕು ತಿರುಗಿ ಊರಿಗೆ ಬಂದವು. ಮೂರು ಬರಲಿಲ್ಲ. ಇದನ್ನು ಗೆಲುವೆನ್ನಬೇಕೋ ಸೋಲೆನ್ನಬೇಕೋ ನೀನೇ ಹೇಳು.

ನಿನ್ನ ಮಾಮಾ ಮೊನ್ನೆಯ ತನಕ ಮಾತು ಬಿಟ್ಟಿದ್ದ. ನಿನ್ನೆ ಊಟಕ್ಕೆ ಕೂತಾಗ, "ಶೇಂಗಾದ ಸಾಲ್ನ್ಯಾಗ ಹಂದಿ ಬಂದಾವು, ಡಬ್ಬಿ ತಗೊಂಡು ನಡಿ" ಎಂದ. ನಡೆದೆ.

ರೇಣವ್ವ


ಗೋಕುಲ ರಸ್ತೆ, ಹುಬ್ಬಳ್ಳಿ
೧೪ ಫೆಬ್ರುವರಿ ೨೦೦೦

ಅಕ್ಕಾ,

ಬಂದು ಒಂದೂವರೆ ತಿಂಗಳಾಯಿತು. ನಿನ್ನ ಮನೆಯ ಕಡೆ ಬಂದಿಲ್ಲ. ಬರಬೇಡ ಎಂದವಳು ನೀನು. ಬರಬಹುದೋ ಇಲ್ಲವೋ ಎಂದು ತಿಳಿಯುವ ತನಕ ಬರಬಾರದು ಎಂದುಕೊಂಡವನು ನಾನು.

ಹೋದ ವಾರ ಯಮನಪ್ಪಗೌಡರು ಹುಬ್ಬಳ್ಳಿಗೆ ಬಂದು ನನ್ನನ್ನು ಒಂದು ಖಾನಾವಳಿಗೆ ಕರೆಸಿದರು. ರೊಟ್ಟಿ ಊಟ ಹಾಕಿಸಿದರು. ಲೈಸೆನ್ಸಿನ ಮಂಜೂರಾತಿ ಆಗಿದೆಯಂತೆ, ಹೋಗಿ ಸಹಿ ಮಾಡಿ ತೆಗೆದುಕೊಳ್ಳುವುದಷ್ಟೇ ಬಾಕಿ. ಬ್ಯಾಂಕಿನವರ ಹತ್ತಿರವೂ ಮಾತಾಡಿದ್ದಾರಂತೆ. ಎಲ್ಲ ಹೇಳಿ, ಕೊನೆಗೆ ಮಜ್ಜಿಗೆ ಕುಡಿಯುತ್ತ, "ನಿಮ್ಮ ಅಕ್ಕಗ ಸ್ವಲ್ಪ ತಿಳಿಸಿ ಹೇಳು ಮತ್ತ" ಎಂದರು.

ನಾನು ಅರ್ಧ ಊಟದಲ್ಲಿದ್ದೆ. ಮೇಲೆ ಬೆಟ್ಟದಿಂದ ನಾವು ಯಾರ ಯಾರನ್ನು ಹೊತ್ತು ತಂದೆವು ಎಂದು ನಿನಗೆ ಬರೆದಿಲ್ಲ, ಬರೆಯುವುದೂ ಇಲ್ಲ. ಗುಂಡು ತಾಗಿದ ಎದೆ ಹೇಗಿರುತ್ತದೆ ಎಂದು ನನಗೆ ಗೊತ್ತು. ಅದು ಕರೆಂಟಿನ ಹಾಗೆ ಇರುವುದಿಲ್ಲ. ಗೌಡರಿಗೂ ಗೊತ್ತಿತ್ತು, ಅವತ್ತೂ ಗೊತ್ತಿತ್ತು.

"ಗೌಡ್ರ, ನಮ್ಮಕ್ಕ ನೋಡ್ಯಾಳ್ರಿ. ನಾ ಏನ್ ತಿಳಿಸಿ ಹೇಳ್ಲಿ? ಕಣ್ಣು ಮುಚ್ಕೋ ಅಂತ ಹೇಳ್ಲೇನ್ರಿ?" ಎಂದೆ.

"ವಿಚಾರ ಮಾಡೋ. ಮಕ್ಕಳದಾರ ನಿನಗ."

"ಬಡೇಸಾಬಗೂ ಮಗಳದಾಳ್ರಿ. ಹುಸ್ನಾ ಅಂತ. ನಿಮ್ಮ ಮನಿ ಮದವಿಗೆ ತಂತಿ ಹಿಡ್ಯಾಕ ಹ್ವಾದವನ ಮಗಳು."

ಎದ್ದು ಬಂದೆ. ನೇರವಾಗಿ ಧಾರವಾಡಕ್ಕೆ ಹೋಗಿ, ನನಗೆ ಲೈಸೆನ್ಸು ಬೇಡ ಎಂದು ಬರೆದುಕೊಟ್ಟೆ. ಲಕ್ಷ್ಮಿ ಎರಡು ದಿನ ಮಾತಾಡಲಿಲ್ಲ. ಅವಳದೂ ತಪ್ಪಲ್ಲ. ಈಗ ಇಲ್ಲೇ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲು ಸಿಕ್ಕಿದೆ. ಸೀಟಿ ಮತ್ತು ಬ್ಯಾಟರಿ ಕೊಟ್ಟಿದ್ದಾರೆ.

ಇನ್ನು ಬರಬಹುದೇ?

ಸಿದ್ಧಾರೂಢ


ಜೋಳದಕೊಪ್ಪ
೮ ಡಿಸೆಂಬರ್ ೨೦೦೧

ತಮ್ಮಾ,

ನಿನ್ನೆ ತೀರ್ಪಾಯಿತು. ರಜೆ ಸಿಗದೆ ನಿನಗೆ ಬರಲಾಗಲಿಲ್ಲ, ಒಳ್ಳೆಯದೇ ಆಯಿತು. ನನ್ನ ಸಿಟ್ಟನ್ನು ಅಲ್ಲಿ ನೋಡಬೇಕಾಗುತ್ತಿತ್ತು.

ನೂರು ಜನ ನೋಡಿದ್ದರಲ್ಲ, ಕೋರ್ಟಿಗೆ ಬಂದವರು ಮೂವರು. ಅಹಮದಸಾಬ, ಬ್ಯಾಂಡಿನ ಒಬ್ಬ ಮುದುಕ, ನಾನು. ಶಶಿಕಾಂತನ ವಕೀಲ ನನ್ನನ್ನು ಎಷ್ಟು ಕೇಳಿದ! ನಿಮ್ಮ ಮನೆಯಲ್ಲೂ ಬಂದೂಕು ಇತ್ತಲ್ಲ ಎಂದ. ಇತ್ತು, ಕೊಟ್ಟೆವು ಎಂದೆ. ಗೌಡರು ಕಟ್ಟಡ ಬಿಡಿಸಿದ್ದಕ್ಕೆ ಈ ದ್ವೇಷವೇ ಎಂದ. ಬಡೇಸಾಬ ಸತ್ತ ದಿನಗಳಲ್ಲಿ ಅಂಗನವಾಡಿ ಇನ್ನೂ ಆ ಕಟ್ಟಡದಲ್ಲೇ ಇತ್ತು, ಬಿಡಿಸಿದ್ದು ಆಮೇಲೆ ಎಂದೆ. ಅವನು ಕಾಗದ ತಿರುವಿದ.

ಕೊಲ್ಲುವ ಉದ್ದೇಶ ಇರಲಿಲ್ಲ, ಅಜಾಗರೂಕತೆ ಎಂದು ಎರಡು ವರ್ಷ ಕೊಟ್ಟರು. ಸುಳ್ಳು ಬರೆಸಿ ಹೆಣ ಹುಗಿಸಿದ ಗೌಡರಿಗೆ ದಂಡ. ಎರಡು ವರ್ಷವಂತೆ! ಮೇಲೆ ನೋಡದೆ ಹಾರಿಸಿದ್ದು ಅಜಾಗರೂಕತೆ ಇದ್ದೀತು. ಬಿದ್ದವನು ಇನ್ನೂ ಮಿಸುಕುತ್ತಿರುವಾಗ ಮುಟ್ಟಬೇಡಿ ಎಂದದ್ದು? ದವಾಖಾನೆಗೆ ಒಯ್ಯದೆ ಇದ್ದದ್ದು? ಅದಕ್ಕೆ ಕಾನೂನಿನ ಪುಸ್ತಕದಲ್ಲಿ ಯಾವ ಹೆಸರಿದೆ?

ಹಾಜರಾಬಿ ಅಳಲಿಲ್ಲ. ನಮ್ಮ ಪರವಾದ ವಕೀಲರನ್ನು ಒಂದೇ ಕೇಳಿದಳು: "ಆ ಬಂದೂಕ ಏನ್ ಮಾಡ್ತಾರ್ರಿ?" ಸರಕಾರಕ್ಕೆ ಜಪ್ತಿ, ಮೇಲಿನ ಕೋರ್ಟು ಮುಗಿದ ಮೇಲೆ ನಾಶ ಮಾಡುತ್ತಾರೆ ಎಂದರು. "ನಾ ನೋಡಬೇಕು" ಎಂದಳು. ಅದೆಲ್ಲ ನೋಡಲು ಬರುವುದಿಲ್ಲ ಎಂದರು. ಅವಳು ಮತ್ತೆ ಹೇಳಿದಳು, "ನಾ ನೋಡಬೇಕು."

ನಿನ್ನಿಂದ ಆದರೆ ನೋಡು.

ರೇಣವ್ವ


ಗೋಕುಲ ರಸ್ತೆ, ಹುಬ್ಬಳ್ಳಿ
೧೯ ಜನವರಿ ೨೦೦೩

ಅಕ್ಕಾ,

ನಿನಗೆ ಜ್ವರ ಇಳಿದಿದೆ ಎಂದು ಮಾಮಾ ಹೇಳಿಕಳಿಸಿದ. ಏಳಬೇಡ, ಮಲಗಿಕೊಂಡೇ ಓದು.

ಶಶಿಕಾಂತನ ಮೇಲ್ಮನವಿ ವಜಾ ಆದಾಗಿನಿಂದ ನಾನು ಪೊಲೀಸ್ ಕಚೇರಿಗೆ ತಿರುಗುತ್ತಿದ್ದದ್ದು ನಿನಗೆ ಗೊತ್ತು. ಅಲ್ಲಿಯ ಶಸ್ತ್ರಾಗಾರದ ಅಧಿಕಾರಿ ನನ್ನ ಹಾಗೆಯೇ ಸೇನೆಯಿಂದ ಬಂದವರು. ನಿಯಮ ಇಲ್ಲ, ಆದರೂ ಆ ಹೆಣ್ಣುಮಗಳನ್ನು ಕರೆದುಕೊಂಡು ಬಾ, ದೂರ ನಿಲ್ಲಿಸು ಎಂದರು. ನಿನ್ನೆ ಹಾಜರಾಬಿಯನ್ನು ಕರೆದುಕೊಂಡು ಹೋದೆ.

ಹಿಂದಿನ ಅಂಗಳದಲ್ಲಿ ಬಂದೂಕುಗಳ ರಾಶಿ ಹಾಕಿದ್ದರು. ನಾಡಪಿಸ್ತೂಲು, ತುಕ್ಕು ಹಿಡಿದ ನಳಿಗೆ, ಕಟ್ಟಿಗೆಯ ಹಿಡಿ ಮುರಿದವು. ಜಿಲ್ಲೆಯ ಎಷ್ಟು ಊರಿನ, ಎಷ್ಟು ಮನೆಯ ಕೇಸುಗಳೋ. ಗ್ಯಾಸ್ ಕಟರ್ ಹಿಡಿದ ಒಬ್ಬ ಬೆಸುಗೆಯವನು ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ. ಅಧಿಕಾರಿ ನಂಬರು ನೋಡಿ ಗೌಡರ ಬಂದೂಕು ತೆಗೆದು ಮುಂದೆ ಇಟ್ಟರು. ಹಾಜರಾಬಿ ಅದನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. "ಇಷ್ಟ ಸಣ್ಣದ?" ಎಂದಳು.

ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ನಾನು ಬಂದೂಕನ್ನು ಒರೆಸಿ, ಎಣ್ಣೆ ಹಚ್ಚಿ, ಮಗುವಿನಂತೆ ಪಕ್ಕದಲ್ಲಿಟ್ಟು ಮಲಗಿದವನು. ಒಂದು ನಳಿಗೆ ಕರಗುವುದನ್ನು ನೋಡಿದರೆ ನನಗೆ ಸಂಕಟವಾದೀತು ಎಂದುಕೊಂಡಿದ್ದೆ. ಸಿಟ್ಟು ಬಂತು, ಅಕ್ಕಾ. ಬರೇ ಸಿಟ್ಟು. ನೀನು ನನಗೆ ಮೊದಲ ಕಾಗದ ಬರೆದಾಗ ನನಗೆ ಬರಬೇಕಾಗಿದ್ದ ಸಿಟ್ಟು.

ಬೆಂಕಿ ನೀಲಿಯಾಗಿ ಉರಿಯಿತು. ನಳಿಗೆ ಕೆಂಪಾಗಿ, ಕಿಡಿ ಹಾರಿ, ಎರಡು ತುಂಡಾಗಿ ಮಣ್ಣಿಗೆ ಬಿತ್ತು. ಬೆಸುಗೆಯವನು ತುಂಡನ್ನು ಇಕ್ಕಳದಿಂದ ಪಕ್ಕಕ್ಕೆ ಸರಿಸಿ ಮುಂದಿನದಕ್ಕೆ ಕೈ ಹಾಕಿದ.

ಹಾಜರಾಬಿ ಅವನನ್ನು ತಡೆದಳು. "ಆತೇನ್ರಿ?"

"ಆತವ್ವಾ."

"ಇಷ್ಟ?"

"ಇಷ್ಟ ನೋಡವ್ವಾ. ಮತ್ತ ಅದನ್ನ ಯಾರೂ ಹಾರಸಾಕ ಬರಂಗಿಲ್ಲ."

ಅವಳು ಅಧಿಕಾರಿಯ ಕಡೆ ತಿರುಗಿದಳು. ಮುಖದ ಮೇಲಿನ ಬಟ್ಟೆ ಪೂರ್ತಿ ತೆಗೆದು, ಅವರ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು: "ಇಷ್ಟು ಸಲೀಸ ಇತ್ತಂದ್ರ, ಸಾಹೇಬರ, ನಮ್ಮ ಮನಿಯವರು ಮಾಳಗಿ ಹತ್ತೂಕಿಂತ ಮದಲ ಯಾಕ ಮಾಡಲಿಲ್ರಿ?"

ಅಧಿಕಾರಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಬೆಸುಗೆಯವನು ಬೆಂಕಿ ಆರಿಸಿದ. ಅವಳು ಉತ್ತರಕ್ಕಾಗಿ ಕಾಯುತ್ತ ನಿಂತಳು. ನಾನು ಹೋಗೋಣ ಎಂದರೂ ಬರಲಿಲ್ಲ.

ನಿನ್ನ ತಮ್ಮ
ಸಿದ್ಧಾರೂಢ